ಹಂಡೆ ಕಳಕೊಂಡ ವಕೀಲರು

ನಮ್ಮ ಸೀನಿಯರ್ರು ಕೋರ್ಟಿನಲ್ಲಿ ಎಷ್ಟು ಜೋರಾಗಿ ಮಾತಾಡುತ್ತಿದ್ದರೋ ಮನೆಯಲ್ಲಿ ಅಷ್ಟೇ ಮೆಲ್ಲಗೆ ಮಾತಾಡುತ್ತಿದ್ದರು. ಮದ್ದೂರಿನ ಕೋರ್ಟಿನಲ್ಲಿ ಅವರು ವಾದಕ್ಕೆ ಎದ್ದು ನಿಂತರೆ ಹೊರಗೆ ಹೊಂಗೆಮರದ ಕೆಳಗೆ ಕೂತಿದ್ದ ಕಕ್ಷಿದಾರರೂ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಅದೇ ಮನುಷ್ಯ ಸಂಜೆ ಮನೆಯ ಗೇಟು ತೆಗೆಯುವಾಗ ಕೊಂಡಿ ಸದ್ದಾಗದ ಹಾಗೆ ಎರಡೇ ಬೆರಳಲ್ಲಿ ಎತ್ತುತ್ತಿದ್ದರು. ಹಿಂದೆ ಫೈಲು ಹೊತ್ತು ನಿಂತ ನನಗೆ, "ಒಳ್ಗೆ ಐಕೋರ್ಟು ಕೂತದೆ ಕಣಮ್ಮ, ನೋಡ್ಕಂಡು ಕಾಲಿಡು," ಎಂದು ಪಿಸುಗುಟ್ಟುತ್ತಿದ್ದರು.

ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ಕೋರ್ಟಿನಲ್ಲಿ ಸಂತಾಪ ಸೂಚಿಸುವಾಗ ಹಿರಿಯ ವಕೀಲರೊಬ್ಬರು ಎದ್ದು, "ಮೃತರು ಸರಳರು, ಸಜ್ಜನರು, ಮಿತಭಾಷಿಗಳು" ಎಂದು ಓದಿದರು. ಮಿತಭಾಷಿ ಎಂಬ ಮಾತು ಬಂದದ್ದೇ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲಿನ ಎರಡು ನಿಮಿಷದ ಮೌನವನ್ನು ನಾವೆಲ್ಲ ತುಟಿ ಕಚ್ಚಿಕೊಂಡು, ಬಹಳ ಕಷ್ಟಪಟ್ಟು ಮುಗಿಸಿದೆವು. ಅವರಿದ್ದಿದ್ದರೆ ಆ ಕಿಸಕ್ಕೆಂದವನನ್ನು ಕರೆದು ಕಾಫಿ ಕೊಡಿಸುತ್ತಿದ್ದರು.

ನಾನು ಕೆರಗೋಡಿನವಳು. ಕಾನೂನು ಓದಿ ಮುಗಿಸಿ, ಮಂಡ್ಯದಲ್ಲಿ ಬಸ್ಸು ಬದಲಾಯಿಸಿಕೊಂಡು ಮದ್ದೂರಿಗೆ ಬಂದು ಅವರ ಆಫೀಸಿನ ಮರದ ಮೆಟ್ಟಿಲು ಹತ್ತಿದಾಗ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹೆಣ್ಣುಮಕ್ಕಳನ್ನೂ ಜೂನಿಯರ್ ಆಗಿ ಸೇರಿಸಿಕೊಳ್ಳುತ್ತಾರೆ, ಚೆನ್ನಾಗಿ ಬೈಯುತ್ತಾರೆ, ಕೆಲಸ ಕಲಿಸುತ್ತಾರೆ. ಆಫೀಸು ಒಂದು ಹೋಟೆಲಿನ ಮೇಲಿತ್ತು. ಕೆಳಗೆ ವಡೆ ಕರಿದ ಎಣ್ಣೆಯ ವಾಸನೆ ಮೇಲಿನ ಎಲ್ಲ ಫೈಲುಗಳಿಗೂ ಹತ್ತಿತ್ತು. ಒಬ್ಬ ನ್ಯಾಯಾಧೀಶರು ನಮ್ಮ ಜಾಮೀನು ಅರ್ಜಿಯೊಂದನ್ನು ಕೈಗೆತ್ತಿಕೊಂಡು, ಹೆಸರು ಓದುವ ಮೊದಲೇ, "ಇದು ನಿಮ್ಮದೇ ಅಲ್ವೇನ್ರೀ? ಹೊಟ್ಟೆ ಹಸಿಯೋಕೆ ಶುರುವಾಯ್ತು," ಎಂದಿದ್ದರು.

ನೋಡಲು ಕುಳ್ಳಗೆ, ದುಂಡಗೆ ಇದ್ದರು. ಕರಿ ಕೋಟು ಎಷ್ಟೋ ಬೇಸಿಗೆ ಕಂಡು ಹಸಿರು ಬಣ್ಣಕ್ಕೆ ತಿರುಗಿತ್ತು. ಸಾಕ್ಷಿಗೆ ಮುಖ್ಯವಾದ ಪ್ರಶ್ನೆ ಹಾಕುವ ಮೊದಲು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸುವುದು ಅವರ ರೂಢಿ. 'ಈ ಮುದುಕನಿಗೆ ಕಣ್ಣು ಕಾಣಲ್ಲ' ಎಂದು ಸಾಕ್ಷಿ ಮೈ ಸಡಿಲ ಬಿಟ್ಟಾಗ ಪ್ರಶ್ನೆ ಬಂದು ಬೀಳುತ್ತಿತ್ತು. ನಶ್ಯದ ಅಭ್ಯಾಸವಿತ್ತು. ಮೂಗಿನ ಡಾಕ್ಟರು ಬೇಡವೆಂದಿದ್ದರು, ಹೆಂಡತಿ, ನಾವು ಜೂನಿಯರ್‌ಗಳು 'ಅಮ್ಮ' ಎನ್ನುತ್ತಿದ್ದವರು, ದೇವರ ಮುಂದೆ ಆಣೆ ಹಾಕಿಸಿದ್ದರು. ಹಾಗಾಗಿ ಆಫೀಸಿನ ಮಟ್ಟಿಗೆ ನಶ್ಯ ಇತ್ತು, ಮನೆಯ ಮಟ್ಟಿಗೆ ಇರಲಿಲ್ಲ. ಸಂಜೆ ಮನೆಗೆ ಹೊರಡುವ ಮೊದಲು ಕರ್ಚೀಫನ್ನು ಬಚ್ಚಲಲ್ಲಿ ತಾವೇ ಒಗೆದು ಕಿಟಕಿಗೆ ಒಣಹಾಕುತ್ತಿದ್ದರು.

ಅವರು ಹೆಚ್ಚಾಗಿ ಆರೋಪಿಗಳ ಪರ ನಿಲ್ಲುತ್ತಿದ್ದವರು. ಕಳ್ಳರು, ಹೊಡೆದಾಡಿದವರು, ನಾಲೆ ನೀರಿಗೆ ಅಣ್ಣನ ತಲೆ ಒಡೆದವರು. ಸೇರಿದ ಹೊಸದರಲ್ಲಿ ನಾನು ಒಮ್ಮೆ ಕೇಳಿಯೇ ಬಿಟ್ಟೆ: "ಸರ್, ಕದ್ದಿದ್ದು ಗೊತ್ತಿದೆ. ಅವನೇ ಒಪ್ಪಿಕೊಂಡಿದ್ದಾನೆ. ಅಂಥವನಿಗೆ ಹಕ್ಕು ಅಂತ ಯಾಕಿಷ್ಟು ಕೂಗಾಡಬೇಕು?"

ಅವರು ನಶ್ಯ ಏರಿಸಿ ಒಂದು ಸೀನು ಮುಗಿಸಿಕೊಂಡು ಹೇಳಿದರು: "ಕಳ್ಳ ಅಂದ್ರೆ ಕದ್ದೋನು ಕಣಮ್ಮ. ಅಷ್ಟೇಯ. ಒದೆಸ್ಕಳಾಕೆ ಉಟ್ಟೋನು ಅಂತ ಯಾವ ನಿಘಂಟಲ್ಲೂ ಬರ್ದಿಲ್ಲ. ಜಡ್ಜು ಆರು ತಿಂಗ್ಳು ಅಂದ್ರೆ ಆರು ತಿಂಗ್ಳು ಅವ್ನ ಓಡಾಟ ಕಿತ್ಕಬೌದು. ಅವ್ನ ಹಲ್ಲು ಕಿತ್ಕಳಿ ಅಂತ ತೀರ್ಪಲ್ಲಿ ಇರಾಕಿಲ್ಲ. ಅವ್ನ ಔಷ್ದಿ ಕಿತ್ಕಳಿ, ಅವ್ರವ್ವ ಬಂದ್ರೆ ಮುಖ ತೋರಿಸ್ಬ್ಯಾಡಿ ಅಂತ್ಲೂ ಇರಾಕಿಲ್ಲ. ಬರ್ದಿರೋದಷ್ಟೇ ಸಿಕ್ಸೆ. ಮಿಕ್ಕಿದ್ದೆಲ್ಲ ಅವ್ನದೇ."

ಚೆನ್ನಾಗಿ ಹೇಳಿದರು ಅನ್ನಿಸಿತು. ಆದರೆ ಒಂದು ತಿಂಗಳಿಗೇ ಹೆಂಡತಿಯನ್ನು ಕೊಂದ ಆರೋಪ ಹೊತ್ತವನೊಬ್ಬನ ಕೇಸು ಬಂತು. ಅವನ ಫೈಲಿನಲ್ಲಿದ್ದ ಫೋಟೋ ನೋಡಿದ ಮೇಲೆ ನನಗೆ ಅನ್ನ ಸೇರಲಿಲ್ಲ. "ನಾನು ಈ ಕೇಸಲ್ಲಿ ಕೂರಲ್ಲ ಸರ್," ಎಂದೆ. ಬೈಗುಳಕ್ಕೆ ತಯಾರಾಗಿಯೇ ಹೇಳಿದ್ದೆ. ಅವರು ಬೈಯಲಿಲ್ಲ.

"ಕೂರ್ಬೇಡ. ಅದು ನಿನ್ನ ಹಕ್ಕು. ಆದ್ರೆ ಯಾರಾರ ಒಬ್ರು ಕೂರ್ಲೇಬೇಕಲ್ಲ," ಎಂದು ಫೈಲನ್ನು ತಮ್ಮ ಕಡೆಗೆ ಎಳೆದುಕೊಂಡರು.

ಹತ್ತು ದಿನ ಆ ಕೇಸಿಗಾಗಿ ಮಂಡ್ಯಕ್ಕೆ ಓಡಾಡಿದರು. ಒಬ್ಬ ಸಾಕ್ಷಿಯನ್ನೂ ಸುಮ್ಮನೆ ಬಿಡಲಿಲ್ಲ. ಕೊನೆಗೆ ಆರೋಪಿಗೆ ಜೀವಾವಧಿ ಆಯಿತು. ಅಂದು ಮಧ್ಯಾಹ್ನ ಬಸ್ಸಿಳಿದು ಬಂದವರು ಕೆಳಗಿನ ಹೋಟೆಲಿನಲ್ಲಿ ಎರಡು ವಡೆ ತಿಂದು ಮೇಲೆ ಬಂದರು. ಸೋತ ಮುಖವೇ ಇಲ್ಲ.

"ಸರಿಯಾದ ತೀರ್ಪು ಕಣಮ್ಮ," ಎಂದರು. "ಕಬ್ಬಿನ ಗಾಡಿ ಹೇರಿದ ಮ್ಯಾಲೆ ಹಗ್ಗ ಜಗ್ಗಿ ನೋಡ್ತಾರಲ್ಲ, ಹಂಗೆ ನಾನು ಕೇಸ್ನ ಜಗ್ಗಿ ನೋಡ್ದೆ. ಎಲ್ಲೂ ಸಡಿಲ ಇರ್ಲಿಲ್ಲ. ಇನ್ನು ಆ ಹೆಣ್ಮಗಳ ತಾಯಿ ನೆಮ್ಮದಿಯಾಗಿ ಇರ್ಬೌದು. ನಾಳೆ ಯಾವನೂ ಬಂದು ಇದು ಸುಳ್ಳು ಕೇಸು ಅನ್ನಂಗಿಲ್ಲ."

ಆ ತಾಯಿಗೆ ಸರ್ಕಾರದಿಂದ ಬರಬೇಕಿದ್ದ ಪರಿಹಾರದ ಅರ್ಜಿಯನ್ನು ಬೇರೊಬ್ಬ ವಕೀಲರ ಕೈಯಲ್ಲಿ ಹಾಕಿಸಿದವರೂ ಇವರೇ ಎಂದು ನನಗೆ ಬಹಳ ದಿನದ ಮೇಲೆ ಗೊತ್ತಾಯಿತು.

ಇಷ್ಟೆಲ್ಲ ಬೇರೆಯವರ ಮನೆಯ ಮಾತಾಯಿತು. ಅವರ ಮನೆಗೇ ಕಳ್ಳ ನುಗ್ಗಿದ ಕಥೆ ಹೇಳದಿದ್ದರೆ ಅವರ ಚಿತ್ರ ಅರ್ಧವೂ ಆಗುವುದಿಲ್ಲ.

ಅಷ್ಟು ಹೊತ್ತಿಗೆ ನಾನು ಅವರ ಆಫೀಸು ಬಿಟ್ಟು ಎರಡು ವರ್ಷವಾಗಿತ್ತು. ಮದ್ದೂರಿನಲ್ಲೇ ಒಂದು ಪುಟ್ಟ ಕೋಣೆ ಹಿಡಿದು, ಉಚಿತ ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿ ಹೆಸರು ಬರೆಸಿದ್ದೆ. ಒಂದು ಭಾನುವಾರ ಅವರು ಹೆಂಡತಿ ಸಮೇತ ಮಳವಳ್ಳಿಗೆ ಮದುವೆಗೆ ಹೋಗಿದ್ದಾಗ ನಂಜ ಎಂಬವನು ಅವರ ಹಿತ್ತಲಿನಿಂದ ಒಳಗೆ ಹೋಗಿ ಬಚ್ಚಲುಮನೆಯ ತಾಮ್ರದ ಹಂಡೆ ಎತ್ತಿಕೊಂಡ. ಅದು ಅಮ್ಮನ ತವರಿನಿಂದ, ಬೆಳಕವಾಡಿಯಿಂದ, ಅವರ ಮದುವೆಯಲ್ಲಿ ಬಂದ ಹಂಡೆ. ನಾಲ್ಕು ಕೊಡ ನೀರು ಹಿಡಿಯುವಂಥದ್ದು. ಅದನ್ನು ಹಾಡಹಗಲಲ್ಲಿ ತಲೆ ಮೇಲೆ ಬೋರಲು ಹಾಕಿಕೊಂಡು ನಾಲೆ ಏರಿಯ ಮೇಲೆ ನಡೆದುಹೋದರೆ ಸಿಕ್ಕಿಬೀಳದೆ ಇರುತ್ತಾನೆಯೇ? ಹಂಡೆಯೊಳಗೆ ತಲೆ ಇದ್ದುದರಿಂದ ಎದುರಿಗೆ ಬಂದವರೂ ಅವನಿಗೆ ಕಾಣಲಿಲ್ಲ.

ಬೀದಿಯವರು ಅವನನ್ನು ಹಿಡಿದು, ಹಸು ಕಟ್ಟುವ ಹಗ್ಗದಲ್ಲಿ ಲೈಟ್ ಕಂಬಕ್ಕೆ ಕಟ್ಟಿದರು. ಮುಂದೆ ನಿಂತವರು ಪಕ್ಕದ ಮನೆಯ ಹಿಟ್ಟಿನ ಗಿರಣಿ ಯಜಮಾನರು. ನಾನು ಅಲ್ಲಿರಲಿಲ್ಲ. ಮೂರು ಜನ ಮೂರು ಥರ ಹೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ. ಫೋನ್ ಸಿಕ್ಕಿ ಊಟದ ಎಲೆ ಬಿಟ್ಟು ಓಡಿಬಂದ ನಮ್ಮ ಸೀನಿಯರ್ರು ರೇಷ್ಮೆ ಪಂಚೆಯಲ್ಲಿ, ಕೈಯಲ್ಲಿ ತಾಂಬೂಲದ ಚೀಲ ಹಿಡಿದು ಕಾರಿಂದ ಇಳಿದಾಗ ನಂಜನ ಬಲಗೈ ಜೋತುಬಿದ್ದಿತ್ತು, ಬಾಯಲ್ಲಿ ರಕ್ತ ಇತ್ತು.

"ನಿಲ್ಲುಸ್ರಲಾ!" ಎಂದರು. ಅವರ ಕೋರ್ಟಿನ ಗಂಟಲು ಆ ಬೀದಿಯಲ್ಲಿ ಕೇಳಿದ್ದು ಅದೇ ಮೊದಲು.

"ಸಾರ್, ನಿಮ್ಮನೆ ಹಂಡೆ ಕದ್ದವ್ನೆ ಇವ್ನು!" ಎಂದರು ಗಿರಣಿ ಯಜಮಾನರು.

"ಗೊತ್ತು. ನನ್ ಮನೆ ಹಂಡೆ ಹೋಗೈತೆ. ಕೋಪ ಬರ್ಬೇಕಾದ್ದು ನಂಗೆ. ನನ್ ಕೋಪಾನೂ ಯಾಕ್ಲಾ ನೀವು ಕದೀತೀರಿ?"

ಹಗ್ಗದ ಗಂಟು ಬಿಚ್ಚಲು ಅವರಿಗೆ ಬರಲಿಲ್ಲ. ಆಗ ಅವರು ಮಾಡಿದ್ದು ಇದು: ರೇಷ್ಮೆ ಪಂಚೆಯಲ್ಲೇ ಕಂಬದ ಬುಡದಲ್ಲಿ, ಮಣ್ಣಿನಲ್ಲಿ, ನಂಜನಿಗೆ ಒತ್ತಿಕೊಂಡು ಕೂತುಬಿಟ್ಟರು. "ಇನ್ನು ಒಡೀರಿ. ಯಾರಿಗ್ ಬೀಳ್ತದೋ ನೋಡ್ಮ," ಎಂದರು. ಪೊಲೀಸರು ಬರುವ ತನಕ ಮುಕ್ಕಾಲು ಗಂಟೆ ಏಳಲಿಲ್ಲ. ಚೀಲದಲ್ಲಿದ್ದ ಬಾಳೆಹಣ್ಣು ಸುಲಿದು, ಕೈ ಎತ್ತಲಾಗದ ನಂಜನ ಬಾಯಿಗೆ ತಾವೇ ಇಟ್ಟರಂತೆ. ಅವನು ಅಗಿಯುತ್ತಾ ಅಳುತ್ತಾ, "ನಿಮ್ಮನೆ ಅಂತ ಗೊತ್ತಿರ್ಲಿಲ್ಲ ಸಾಮಿ," ಎಂದನಂತೆ. "ಗೊತ್ತಿದ್ರೆ ಪಕ್ಕದ್ ಮನೆಗೋಯ್ತಿದ್ದಾ? ಮುಚ್ಕಂಡು ತಿನ್ಲಾ," ಎಂದರಂತೆ ಇವರು.

ಅವರು ಕ್ಷಮಿಸಿ ಕಳಿಸಿಬಿಟ್ಟರು ಎಂದು ನೀವು ತಿಳಿದರೆ ತಪ್ಪು. ತಾವೇ ಠಾಣೆಗೆ ಹೋಗಿ ದೂರು ಕೊಟ್ಟರು. "ಕದ್ದದ್ದು ಕದ್ದದ್ದೇ. ಸಿಕ್ಸೆ ಆಗ್ಲಿ," ಎಂದರು. ಆದರೆ ಅದಕ್ಕೂ ಮೊದಲು ನಂಜನನ್ನು ಆಸ್ಪತ್ರೆಗೆ ಕಳಿಸಲು ಹಟ ಹಿಡಿದರು. ಠಾಣೆಯಲ್ಲಿ ಯಾರೋ, "ಓಡುವಾಗ ಬಿದ್ದು ಕೈ ಮುರಿಯಿತು ಅಂತ ಬರ್ಕೋತೀವಿ ಬಿಡಿ ಸಾರ್," ಎಂದಾಗ, "ಬಿದ್ದೋನ ಬೆನ್ನ ಮೇಲೆ ವೈರಿನ ಬರೆ ಹೆಂಗೆ ಬತ್ತದೆ?" ಎಂದು ಕೇಳಿ, ಕಟ್ಟಿಹಾಕಿ ಹೊಡೆದರೆಂದೇ ಬರೆಸಿದರು. ಹೊಡೆದವರಿಗೂ ನೋಟಿಸು ಬಂತು.

ಬೀದಿಯೇ ತಿರುಗಿ ನಿಂತಿತು. ಗಿರಣಿ ಯಜಮಾನರು ಗೇಟಿನ ಹೊರಗಿಂದಲೇ ಕೂಗಿದರು: "ನಿಮ್ಮನೆ ಸಾಮಾನು ಉಳಿಸ್ಕೊಟ್ಟಿದ್ದಕ್ಕೆ ನಮ್ಗೇ ಕೇಸಾ ಸಾರ್? ಇನ್ಮ್ಯಾಲೆ ನಿಮ್ಮನೆಗೆ ಬೆಂಕಿ ಬಿದ್ರೂ ನಾವ್ ಬರಾಕಿಲ್ಲ!" ಅಂದಿನಿಂದ ಅಮ್ಮ ರಾಗಿ ಬೀಸಿಸಲು ಮೂರು ಬೀದಿ ದಾಟಿ ಬೇರೆ ಗಿರಣಿಗೆ ಹೋಗಬೇಕಾಯಿತು.

ಅಮ್ಮನ ಸಿಟ್ಟು ಅದಕ್ಕಿಂತ ದೊಡ್ಡದು. ಆ ವಾರ ನಾನು ಮನೆಗೆ ಹೋದಾಗ ನನ್ನನ್ನೇ ನ್ಯಾಯಾಧೀಶರ ಜಾಗದಲ್ಲಿ ಕೂರಿಸಿಕೊಂಡು ಕೇಳಿದರು: "ನೀನೇ ಏಳೇ ಮಗ. ಕದ್ದೋನ್ಗೆ ಆಸ್ಪತ್ರೆ, ಕದ್ದೋನ್ಗೆ ಊಟ, ಕದ್ದೋನ್ಗೆ ವಕೀಲ್ರು, ಎಲ್ಲಾ ಸರ್ಕಾರದ್ದೇಯ. ಕಳ್ಕಂಡ ನಂಗೇನೈತೆ? ಪ್ಲಾಸ್ಟಿಕ್ ಬಕೀಟು! ಅದ್ರಲ್ಲಿ ಕರೆಂಟಿನ ಕಾಯ್ಲು ಇಳೇಬುಟ್ಟು, ಎಲ್ಲಿ ಶಾಕ್ ಹೊಡ್ದು ಸಾಯ್ತೀನೋ ಅಂತ ಹೆದ್ರಕಂಡು ಸ್ನಾನ ಮಾಡ್ತೀನಿ. ಅವ್ನ ಹಕ್ಕು ದೊಡ್ಡದಾ, ನನ್ನ ಹಕ್ಕು ದೊಡ್ಡದಾ?"

ಪಕ್ಕದ ಕುರ್ಚಿಯಲ್ಲಿ ಮುದುಡಿ ಕೂತಿದ್ದ ಸೀನಿಯರ್ರು, "ಎರಡೂ ಒಂದೇ ಅಳತೆ ಕಣೇ," ಎಂದರು ಮೆಲ್ಲಗೆ. "ಹಂಡೆ ನಿಂಗೆ ವಾಪಸ್ ಬತ್ತದೆ. ನಾಳೇನೆ ಅರ್ಜಿ ಹಾಕ್ತೀನಿ. ಅವ್ನ ಕೈ ಸೊಟ್ಟಗೆ ಕೂಡ್ಕಂಡ್ರೆ ಅದಕ್ಕೆ ಯಾವ ಕೋರ್ಟಲ್ಲಿ ಅರ್ಜಿ ಹಾಕೋದು?"

"ಹಾಕಿ, ಹಾಕಿ. ಮೊದ್ಲು ಹಂಡೆ ಬರ್ಲಿ," ಎಂದು ಅಮ್ಮ ಒಳಗೆ ಹೋದರು. ನನಗೆ ನಿಜ ಹೇಳಬೇಕೆಂದರೆ ಅಂದು ಅಮ್ಮನ ವಾದವೇ ಗಟ್ಟಿ ಅನ್ನಿಸಿತ್ತು.

ಹಂಡೆ ಬಂತು. ಕೇಸು ಮುಗಿಯುವ ತನಕ ಜೋಪಾನ ಮಾಡಬೇಕು, ಕರೆದಾಗ ಕೋರ್ಟಿಗೆ ತರಬೇಕು ಎಂಬ ಷರತ್ತಿನ ಮೇಲೆ. ಅದರ ಜೊತೆಗೇ ನನಗೊಂದು ಕಾಗದ ಬಂತು. ನಂಜನಿಗೆ ವಕೀಲರಿಲ್ಲ, ಉಚಿತ ನೆರವಿನ ಪಟ್ಟಿಯಿಂದ ನನ್ನನ್ನು ನೇಮಿಸಲಾಗಿದೆ ಎಂದು. ನಾನು ನ್ಯಾಯಾಧೀಶರ ಮುಂದೆ ನಿಂತು, ದೂರುದಾರರು ನನ್ನ ಗುರುಗಳು, ಬೇರೆಯವರನ್ನು ಕೊಡಿ ಎಂದೆ. ಅವರು ನಂಜನನ್ನು ಕೇಳಿದರು. ಕೈಗೆ ಬಿಳಿ ಪಟ್ಟಿ ಹಾಕಿಕೊಂಡು ನಿಂತಿದ್ದ ನಂಜ, "ಅವ್ರೇ ಇರ್ಲಿ ಸಾಮಿ. ಆ ಯಜಮಾನ್ರ ತಾವ ಕಲ್ತೋರಾದ್ರೆ ನಂಗೇನೂ ಮೋಸ ಆಗಾಕಿಲ್ಲ," ಎಂದುಬಿಟ್ಟ.

ಮಂಡ್ಯದ ಜೈಲಿಗೆ ಹೋಗಿ ಅವನನ್ನು ಮಾತಾಡಿಸಿದೆ. ಹಿಂದೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸ ಮಾಡುತ್ತಿದ್ದವನು. ಪಾತ್ರೆ ಕದಿಯುವುದು ಅವನ ಚಟ, ಮೂರು ಸಲ ಸಿಕ್ಕಿಬಿದ್ದಿದ್ದ. "ಕದ್ದಿದ್ದು ದಿಟ ಕಣಕ್ಕ, ಒಪ್ಕತೀನಿ," ಎಂದ. "ಆದ್ರೆ ಚಿಲಕ ಮೀಟಿ ಒಳಕ್ಕೋದೆ ಅಂತ ಬರ್ದವ್ರಲ್ಲ, ಅದು ಸುಳ್ಳು. ನಾನು ಮೀಟೋನಲ್ಲ ಕಣಕ್ಕ. ತಗ್ದಿರೋ ಬಾಗ್ಲಿಗೆ ಮಾತ್ರ ಓಗೋನು. ಆ ಬಾಗ್ಲು ತಗ್ದೇ ಇತ್ತು." ಅದನ್ನು ಹೇಳುವಾಗ ಅವನ ಮುಖದಲ್ಲಿ ಅವಮಾನವಿತ್ತು, ಕುಶಲಕರ್ಮಿಯೊಬ್ಬನಿಗೆ ಕೆಟ್ಟ ಕೆಲಸದ ಹೆಸರು ಹೊರಿಸಿದ ಹಾಗೆ.

ಅದು ಸಣ್ಣ ಮಾತಲ್ಲ. ಬಾಗಿಲು ಒಡೆದು ನುಗ್ಗಿದ ಆರೋಪ ಸೇರಿದರೆ ವರ್ಷಗಟ್ಟಲೆ ಜೈಲು. ಹಳೆಯ ಮೂರು ಕೇಸು ಬೇರೆ ಇವೆ. ಪೊಲೀಸರ ಮಹಜರಿನಲ್ಲಿ, 'ಹಿತ್ತಲ ಬಾಗಿಲ ಚಿಲಕವನ್ನು ಕಬ್ಬಿಣದ ಸಲಾಕೆಯಿಂದ ಮೀಟಿ' ಎಂದಿತ್ತು, ಚಿಲಕದ ಕೊಂಡಿ ಬಾಗಿರುವುದೇ ಅದಕ್ಕೆ ಗುರುತು ಎಂದೂ ಇತ್ತು. ಹೊರಡುವಾಗ ತಾನೇ ಚಿಲಕ ಹಾಕಿದ್ದೆ ಎಂದು ಅಮ್ಮ ಹೇಳಿದ್ದರಂತೆ. ಸೀನಿಯರ್ರ ದೂರಿನಲ್ಲಿ ಮಾತ್ರ, 'ಹಿತ್ತಲ ಬಾಗಿಲಿನಿಂದ ಒಳಬಂದು' ಎಂದಷ್ಟೇ ಇತ್ತು. ಎಷ್ಟು ಸಣ್ಣ ಸಂಗತಿಯನ್ನೂ ಬಿಡದೆ ಬರೆಯುವ ಮನುಷ್ಯ ಅಲ್ಲಿ ಯಾಕೆ ಇಷ್ಟು ಮೊಟಕು ಮಾಡಿದರು? ಆ ಒಂದು ಸಾಲನ್ನು ನಾನು ಹತ್ತು ಸಲ ಓದಿದೆ.

ಅವರನ್ನೇ ಕೇಳೋಣವೆಂದರೆ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಸಿಟ್ಟಿನಿಂದಲ್ಲ. "ನಾನು ಸಾಕ್ಷಿ, ನೀನು ಎದುರು ವಕೀಲೆ. ಕೇಸು ಮುಗಿಯೋಗಂಟ ನಂಗೂ ನಿಂಗೂ ಪರಿಚಯ ಇಲ್ಲ," ಎಂದು ಒಂದು ದಿನ ಸಾರಿದರು. ಆ ಮೇಲೆ ಹೋಟೆಲಿನಲ್ಲಿ ನಾನು ಕಂಡರೆ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿಕೊಂಡು ವಡೆ ತಿನ್ನುತ್ತಿದ್ದರು. ಗೋಡೆಗೆ ಮುಖ ಮಾಡಿ, "ಇವತ್ತು ಚಟ್ನಿ ಚೆನ್ನಾಗೈತೆ," ಎಂದು ಗೋಡೆಗೇ ಹೇಳುವ ಹಾಗೆ ನನಗೆ ಹೇಳುತ್ತಿದ್ದರು.

ಸಾಕ್ಷಿಯ ದಿನ ಕೋರ್ಟು ಕಿಕ್ಕಿರಿದಿತ್ತು. ಅಮ್ಮ ಹಂಡೆಯನ್ನು ಯಾರ ಕೈಗೂ ಕೊಡದೆ ಆಟೋದಲ್ಲಿ ತಾವೇ ತಂದು, ಹಿಂದಿನ ಬೆಂಚಿನ ಪಕ್ಕ ಇಟ್ಟುಕೊಂಡು ಕೂತಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಫಳಫಳ ಹೊಳೆಯುತ್ತಿತ್ತು. ಸೀನಿಯರ್ರು ಕಟಕಟೆ ಹತ್ತಿದರು. ಇಷ್ಟು ವರ್ಷ ಎದುರು ನಿಂತು ಪ್ರಶ್ನೆ ಕೇಳಿದವರಿಗೆ ಅಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಸರ್ಕಾರಿ ವಕೀಲರ ಪ್ರಶ್ನೆಗಳು ಮುಗಿದವು. ಹಂಡೆ ತಮ್ಮದೇ ಎಂದು ಗುರುತಿಸಿದರು. ನಾನು ಪಾಟೀಸವಾಲಿಗೆ ಎದ್ದೆ. ಏನೂ ತೋಚದೆ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದೆ. ಅವರ ಹುಬ್ಬು ಮೇಲೆ ಹೋಯಿತು.

"ಮದುವೆಗೆ ಹೊರಡುವಾಗ ಹಿತ್ತಲ ಬಾಗಿಲ ಚಿಲಕ ಹಾಕಿದವರು ಯಾರು?"

"ನನ್ನ ಹೆಂಡತಿ," ಎಂದರು. ಹಿಂದಿನ ಬೆಂಚಿನಲ್ಲಿ ಅಮ್ಮ ಹೌದೆಂದು ತಲೆಯಾಡಿಸಿದರು.

"ಅವರು ಹಾಕಿದ ಮೇಲೆ ಅದನ್ನು ಯಾರಾದರೂ ತೆಗೆದರೇ?"

ಅವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದರು. ನ್ಯಾಯಾಧೀಶರನ್ನು ನೋಡಿದರು. ಹಿಂದಿನ ಬೆಂಚಿನ ಕಡೆ ನೋಡುವುದನ್ನು ಮಾತ್ರ ತಪ್ಪಿಸಿಕೊಂಡರು. ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ತೆಗೆದೆ. ನಾನೇ."

"ಯಾಕೆ?"

"ಆಕ್ಷೇಪಣೆ ಇದೆ ಸ್ವಾಮಿ! ಪ್ರಶ್ನೆ ಅನಗತ್ಯ!" ಎಂದರು, ಇಷ್ಟು ವರ್ಷದ ಅಭ್ಯಾಸದಿಂದ.

"ನೀವು ಸಾಕ್ಷಿ. ಆಕ್ಷೇಪಣೆ ಎತ್ತುವ ಹಾಗಿಲ್ಲ. ಉತ್ತರ ಹೇಳಿ," ಎಂದರು ನ್ಯಾಯಾಧೀಶರು, ತುಟಿಯಲ್ಲೇ ನಕ್ಕು.

"ಹಿತ್ತಲ ಗೋಡೆ ಸಂದಿಯಲ್ಲಿ… ನಶ್ಯದ ಡಬ್ಬಿ ಇಟ್ಟಿದ್ದೆ. ಅದನ್ನು ತರೋಕೆ. ಕಾರಿನವನು ಹಾರ್ನ್ ಹೊಡೆದ. ಗಡಿಬಿಡಿಯಲ್ಲಿ ಮತ್ತೆ ಚಿಲಕ ಹಾಕಲಿಲ್ಲ."

"ಹಾಗಾದರೆ ಕೊಂಡಿ ಬಾಗಿರೋದು?"

"ಆ ಮನೆಗೆ ನಾವು ಬಂದಾಗಿನಿಂದ ಅದು ಬಾಗಿಯೇ ಇದೆ. ಆರೋಪಿ ಯಾವ ಬಾಗಿಲನ್ನೂ ಮೀಟಿಲ್ಲ. ತೆರೆದ ಬಾಗಿಲಿನಿಂದ ಬಂದಿದ್ದಾನೆ. ತೆರೆದಿಟ್ಟವನು ನಾನು."

ಹಿಂದಿನಿಂದ ಕೂಗು ಕೇಳಿತು: "ದ್ಯಾವ್ರ ಮುಂದೆ ಆಣೆ ಮಾಡಿದ್ರಲ್ರೀ ನೀವು!"

"ಯಾರದು?" ಎಂದರು ನ್ಯಾಯಾಧೀಶರು.

ಅಮ್ಮ ಎದ್ದು ನಿಂತಿದ್ದರು. ಒಂದು ಕೈ ಹಂಡೆಯ ಮೇಲೆ. "ನಾನು ಸಾಮಿ. ಹಂಡೆಯೋಳು."

ಕೋರ್ಟಿಗೆ ಕೋರ್ಟೇ ನಕ್ಕಿತು. ಬೆರಳಚ್ಚುಗಾರ್ತಿ ತಲೆ ತಗ್ಗಿಸಿ ನಕ್ಕಳು, ನಂಜನ ಜೊತೆ ಬಂದಿದ್ದ ಪೇದೆ ನಕ್ಕ, ನಂಜ ಯಾರೂ ನೋಡದ ಹಾಗೆ ಮುರಿದು ಕೂಡಿದ್ದ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಸೀನಿಯರ್ರು ಒಬ್ಬರೇ ಕಟಕಟೆಯಲ್ಲಿ ಕೆಂಪಗಾಗಿ ನಿಂತಿದ್ದರು.

ಬಾಗಿಲು ಒಡೆದ ಆರೋಪ ಬಿದ್ದುಹೋಯಿತು. ಕಳವಿಗೆ ಶಿಕ್ಷೆಯಾಯಿತು, ಆಗಲೇ ಜೈಲಿನಲ್ಲಿ ಕಳೆದದ್ದು ಕಳೆದು ಇನ್ನು ಮೂರು ತಿಂಗಳು. ತೀರ್ಪಿನ ದಿನ ಜಗಲಿಯಲ್ಲಿ ನಾನು ನಿಂತಿದ್ದಾಗ ಸೀನಿಯರ್ರು ತಾವೇ ಹತ್ತಿರ ಬಂದರು. ಪರಿಚಯ ಮರಳಿ ಬಂದಿತ್ತು.

"ಕನ್ನಡಕ ಒರೆಸಿದ್ದು ಚೆನ್ನಾಗಿತ್ತು," ಎಂದರು. ನಗುವ ಮುಖ ಇರಲಿಲ್ಲ. "ನೀನು ಕೇಳ್ದೇ ಬುಟ್ಟಿದ್ರೆ ನಾನಾಗೇ ದಿಟ ಏಳ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ ಕಣಮ್ಮ. ಏಳ್ತೀನಿ, ಏಳ್ತೀನಿ ಅಂತ ಆರು ತಿಂಗ್ಳು ಮುಂದಕ್ಕಾಕ್ದೆ. ಒಂದು ನಶ್ಯದ ಡಬ್ಬಿಗೆ, ಹೆಂಡ್ತಿ ಬಾಯಿಗೆ ಹೆದ್ರಿ, ಒಬ್ಬ ಮನ್ಸನ್ನ ಮೂರು ವರ್ಸ ಒಳೀಕೆ ಕಳಿಸ್ಬುಡ್ತಿದ್ದೆ. ಅಷ್ಟೂ ದಿನ ಅವ್ನ ಹಕ್ಕಿನ ಬಗ್ಗೆ ಭಾಷಣ ಮಾಡ್ಕಂಡೇ ಇದ್ದೆ." ಕನ್ನಡಕ ತೆಗೆದು ಒರೆಸಿದರು. ಈ ಸಲ ಪ್ರಶ್ನೆ ಇರಲಿಲ್ಲ. "ಕದ್ದಿರೋನ್ಗೂ ಒಬ್ಬ ವಕೀಲ ಬೇಕು ಅಂತ ಯಾಕಂತಾರೆ ಅಂತ ನಂಗೆ ಈಗ ಅರ್ಥ ಆಯ್ತು ನೋಡು. ಎದುರುಗಡೆ ನನ್ನಂಥ ಸಂಭಾವಿತ್ರು ಇರ್ತಾರಲ್ಲ, ಅದಕ್ಕೆ."

ಅಂದಿನಿಂದ ಅಮ್ಮನ ವಾದದ ಮುಂದೆ ಅವರ ವಾದವನ್ನು ಇಟ್ಟು ತೂಗುವುದನ್ನು ನಾನು ನಿಲ್ಲಿಸಿದೆ.

ನಂಜ ತಿದ್ದಿಕೊಂಡ ಎಂದು ಬರೆಯಲು ನನಗೂ ಆಸೆ. ಆದರೆ ಬಿಡುಗಡೆಯಾಗಿ ವರ್ಷ ತುಂಬುವುದರೊಳಗೆ ಮಳವಳ್ಳಿಯಲ್ಲಿ ಒಂದು ಕೊಪ್ಪರಿಗೆ ಸಮೇತ ಸಿಕ್ಕಿಬಿದ್ದ. ನಾನು ನಾಚಿಕೊಂಡೇ ಫೋನ್ ಮಾಡಿ ತಿಳಿಸಿದೆ. ಆ ಕಡೆಯಿಂದ ಒಂದು ಒಳ್ಳೆಯ ಬೈಗುಳ ಬಂತು, ಅದರ ಹಿಂದೆಯೇ, "ಕೈ ಸರೀಗೈತಾ ವಿಚಾರ್ಸು. ಒಡೆದವ್ರಾ?" ಎಂಬ ಪ್ರಶ್ನೆ. "ನಿಮಗೆ ಬೇಜಾರಾಗಲ್ವಾ ಸರ್?" ಎಂದೆ.

"ಆಯ್ತದೆ. ಆದ್ರೆ ಅವ್ನು ಒಳ್ಳೇವ್ನಾಯ್ತಾನೆ ಅಂತ ನಾನು ಯಾವತ್ತಾರ ಏಳಿದ್ನಾ? ಒಳ್ಳೇವ್ರಿಗೆ ಮಾತ್ರ ಕೊಡೋದಾದ್ರೆ ಅದ್ನ ಹಕ್ಕು ಅಂತ ಯಾಕೆ ಕರೀಬೇಕು, ಬಹುಮಾನ ಅನ್ನು."

ಅವರ ಕೊನೆಯ ಹದಿನೈದು ದಿನ ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಕಳೆಯಿತು. ಎದೆಯಲ್ಲಿ ನೀರು ತುಂಬಿತ್ತು, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ಒಂದು ಮಧ್ಯಾಹ್ನ ನಾನು ನೋಡಲು ಹೋದಾಗ ಅಮ್ಮ ಕೈಸನ್ನೆಯಲ್ಲೇ ನನ್ನನ್ನು ಕರೆದು, "ನೀನಾರ ಏಳೇ ಇವ್ರಿಗೆ. ಒಂದೇ ಸಮ ನಳಿಕೆ ಕಿತ್ತಾಕ್ತಾವ್ರೆ," ಎಂದರು.

ಪಕ್ಕದ ಮಂಚದಲ್ಲಿ ಒಬ್ಬ ಕೈದಿ ಮಲಗಿದ್ದ. ಮೂವತ್ತೈದರ ಆಸುಪಾಸಿನವನು, ಜ್ವರಕ್ಕೆ ಬತ್ತಿಹೋಗಿದ್ದ. ಅವನ ಬಲಗೈಗೆ ಬೇಡಿ ಹಾಕಿ ಮಂಚದ ಕಂಬಿಗೆ ಸಿಕ್ಕಿಸಿದ್ದರು. ಬಾಗಿಲ ಬಳಿ ಕುರ್ಚಿಯಲ್ಲಿ ಎಳೆ ವಯಸ್ಸಿನ ಪೇದೆಯೊಬ್ಬ ಕೂತಿದ್ದ. ಸೀನಿಯರ್ರು ನಳಿಕೆ ಸರಿಸಿ, ಉಸಿರು ಎಳೆದುಕೊಂಡು, "ಯಾವ ಕೋರ್ಟಿನ ಆದೇಶದ ಮೇಲೆ ಬೇಡಿ?" ಎನ್ನುವರು, ಅಮ್ಮ ನಳಿಕೆ ಮತ್ತೆ ಸಿಕ್ಕಿಸುವರು, ಅವರು ಮತ್ತೆ ಸರಿಸಿ, "ಆದೇಶ ಎಲ್ಲಿ, ತೋರ್ಸು," ಎನ್ನುವರು. ಬೆಳಗಿನಿಂದ ಇದೇ ನಡೆದಿತ್ತು.

"ಓಡೋದ್ರೆ ನನ್ ಕೆಲ್ಸ ಹೋಯ್ತದೆ ಸಾರ್," ಎಂದ ಪೇದೆ. ಅವನ ಮುಖದಲ್ಲೂ ನಿಜವಾದ ಭಯವಿತ್ತು.

ಅಮ್ಮ ಎದ್ದರು. "ನೋಡಪ್ಪ, ಅವ್ನು ಕೂರಾಕೂ ಆಗ್ದೋನು, ಎಲ್ಲಿಗೋಡ್ತಾನೆ? ನೀನು ಬಿಚ್ಚು. ಇಲ್ದಿದ್ರೆ ನಮ್ಮೆಜಮಾನ್ರು ಆ ನಳಿಕೆ ಕಿತ್ತು ಕಿತ್ತು ಇವತ್ತೇ ಓಯ್ತಾರೆ. ಆ ಕೇಸು ನಿನ್ ತಲೆ ಮ್ಯಾಲೆ ಬತ್ತದೆ, ಕೇಳು ಬೇಕಾದ್ರೆ, ಇವ್ಳೂ ವಕೀಲೇನೇ."

ಪೇದೆ ನನ್ನ ಮುಖ ನೋಡಿದ. ಬೇಡಿ ಹಾಕಲು ಕೋರ್ಟಿನ ಅಪ್ಪಣೆ ಬೇಕೆಂಬುದು ನಿಜವೆಂದು ನಾನೂ ಹೇಳಿದೆ. ಅವನು ಬಾಗಿಲ ಬಳಿಯ ಕುರ್ಚಿಯನ್ನು ಮಂಚದ ಪಕ್ಕಕ್ಕೇ ಎಳೆದುಕೊಂಡು ಬಂದು, ಬೇಡಿ ಬಿಚ್ಚಿದ. ಕೈದಿ ಮಣಿಕಟ್ಟನ್ನು ಉಜ್ಜಿಕೊಂಡ. ಸೀನಿಯರ್ರು ನಳಿಕೆಯನ್ನು ತಾವೇ ಮೂಗಿಗೆ ಸಿಕ್ಕಿಸಿಕೊಂಡು ದಿಂಬಿಗೆ ಒರಗಿದರು.

ಅಮ್ಮ ಮನೆಯಿಂದ ತಂದ ಮುದ್ದೆ, ಬಸ್ಸಾರು ಬಿಚ್ಚಿದರು. ಸೀನಿಯರ್ರು ಎರಡು ತುತ್ತಿಗೇ ಸಾಕೆಂದರು. ಉಳಿದದ್ದನ್ನು ಏನು ಮಾಡುವುದೆಂದು ಅಮ್ಮ ಒಂದು ಕ್ಷಣ ನೋಡಿ, ಗೊಣಗುತ್ತಲೇ ತಟ್ಟೆ ಹಿಡಿದು ಪಕ್ಕದ ಮಂಚಕ್ಕೆ ಹೋದರು. ಸಾರಿನ ಸೌಟು ಎತ್ತಿ ಕೇಳಿದರು: "ಏನ್ಲಾ ಮಾಡಿದ್ದೆ ನೀನು?"

ಅವನು ತಲೆ ಎತ್ತದೆ, "ಕೊಲೆ ಕಣವ್ವ," ಎಂದ.

ಸೌಟು ಗಾಳಿಯಲ್ಲೇ ನಿಂತಿತು. ಅಮ್ಮ ತಿರುಗಿ ಗಂಡನ ಕಡೆ ನೋಡಿದರು. ಸೀನಿಯರ್ರು ಕಣ್ಣು ಮುಚ್ಚಿಕೊಂಡಿದ್ದರು, ಆದರೆ ನಿದ್ದೆ ಬಂದಿಲ್ಲವೆಂದು ಅವರ ಹುಬ್ಬು ಹೇಳುತ್ತಿತ್ತು.

"ಅದ್ನ ನೋಡ್ಕಳಾಕೆ ಜಡ್ಜು ಅವ್ರೆ," ಎಂದರು ಅಮ್ಮ ಕೊನೆಗೆ, ಸಾರು ಬಡಿಸುತ್ತಾ. "ಬಿಸಿ ಐತೆ. ನೋಡ್ಕಂಡು ಉಣ್ಣು."